ಟ್ರಂಕಿನ ಗ್ರಿಲ್ಲು, ಮಧುಗಿರಿಯ ಬೀಗರು

ಸಿರಾ ಪೇಟೆಯಲ್ಲಿ ತಗಡಿನ ಟ್ರಂಕು ಮಾಡುವ ಅಹಮದ್ ಷರೀಫರು ಬೆಂಗಳೂರಿನ ದಂಡು ಪ್ರದೇಶಕ್ಕೆ ಹೋದದ್ದು ಒಂದೇ ಸಲ, ಅಲ್ಲಿದ್ದದ್ದು ಒಂದು ಮಧ್ಯಾಹ್ನ. ಆದರೆ ಆ ಮಧ್ಯಾಹ್ನದ ಬಗ್ಗೆ ಅವರು ಆಡಿದ ಮಾತುಗಳನ್ನೆಲ್ಲ ಸೇರಿಸಿದರೆ, ಅವರು ಅಲ್ಲೇ ಹುಟ್ಟಿ, ಬೆಳೆದು, ಪಿಂಚಣಿ ತೆಗೆದುಕೊಂಡು ಊರಿಗೆ ಬಂದವರು ಎಂದು ಯಾರಾದರೂ ನಂಬಬೇಕಾಗುತ್ತಿತ್ತು.

ನಡೆದದ್ದು ಇಷ್ಟು. ದಂಡಿನ ಒಬ್ಬ ಮೇಜರ್ ಸಾಹೇಬರಿಗೆ ಟ್ರಂಕು ಬೇಕಾಗಿತ್ತು. ಷರೀಫರು ಅದನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ ಬಂಗಲೆಗೆ ಮುಟ್ಟಿಸಿದಾಗ, ಹಿಂದಿನ ತೋಟದ ನಟ್ಟನಡುವೆ ಕಾಲುಗಳಿದ್ದ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಇದ್ದಿಲು ಕೆಂಪಗೆ ಉರಿಯುತ್ತಿತ್ತು. ಮೇಲೆ ಸರಳುಗಳು, ಸರಳುಗಳ ಮೇಲೆ ಕುರಿಮಾಂಸ. ಸುತ್ತ ಸಾಹೇಬರೂ ದೊರೆಸಾನಿಗಳೂ ತಟ್ಟೆ ಹಿಡಿದು ನಿಂತಿದ್ದರು. ಬಟ್ಲರು ಷರೀಫರ ಕೈಗೆ ಬೀಸಣಿಗೆ ಕೊಟ್ಟು, "ಸ್ವಲ್ಪ ಗಾಳಿ ಹಾಕ್ತಾ ಇರಪ್ಪ, ಉಪ್ಪು ತರ್ತೀನಿ" ಎಂದು ಒಳಗೆ ಹೋದ. ಷರೀಫರು ಗಾಳಿ ಹಾಕಿದರು. ಬಟ್ಲರು ಬಂದು ಬೀಸಣಿಗೆ ಇಸಿದುಕೊಂಡು ಒಂದು ತುಂಡು ಕೈಗಿಟ್ಟ. ಷರೀಫರು ತಿಂದರು. "ಇದಕ್ಕೆ ಏನಂತಾರೆ?" ಎಂದು ಕೇಳಿದರು. "ಗ್ರಿಲ್" ಎಂದ ಬಟ್ಲರು. ದಂಡಿನ ಇತಿಹಾಸ ಅಲ್ಲಿಗೆ ಮುಗಿಯಿತು.

ಆದರೆ ಸಿರಾ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಅದು ಆರಂಭವಾದದ್ದೇ ಅಲ್ಲಿಂದ. ಆ ಒಂದು ತುಂಡು ಮೊದಲ ವಾರ ಒಂದು ತೊಡೆಯಾಯಿತು. ಮುಂದಿನ ವಾರ ಇಡೀ ಕುರಿಯಾಗಿ ಎದ್ದು ನಿಂತಿತು. ಬುಕ್ಕಾಪಟ್ಟಣದ ಕಡೆಯಿಂದ ಸಂತೆಗೆ ಕುರಿ ಹೊಡೆದುಕೊಂಡು ಬರುವ ಹುಚ್ಚಣ್ಣ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ.

"ಗ್ರಿಲ್ಲು ಅಂದ್ರೆ ನಮ್ ಚೇರ್ಮನ್ರು ಕಿಟಕೀಗೆ ಹಾಕ್ಸವ್ರಲ್ಲ, ಆ ಕಂಬೀನಾ ಸಾಬ್ರೇ? ಅದುನ್ನೆಂಗೆ ತಿಂತಾರೆ?"

"ಲೇ ಹುಚ್ಚಣ್ಣ, ಆ ಗ್ರಿಲ್ಲು ಬೇರೆ, ಈ ಗ್ರಿಲ್ಲು ಬೇರೆ. ಇದು ಸಾಹೇಬರ ಊಟ. ಒಲೆ ಮುಂದೆ ಕೂತು ಮಾಡೋದಲ್ಲ, ಬಯಲಲ್ಲಿ ನಿಂತು ಮಾಡೋದು."

"ಬಯಲಲ್ಲೇ ಯಾಕೆ?"

ಷರೀಫರು ಇದನ್ನು ಬಟ್ಲರನ್ನು ಕೇಳಿರಲಿಲ್ಲ. ಹಾಗೆಂದು ಉತ್ತರ ಇಲ್ಲದೆ ಇರುತ್ತದೆಯೇ? "ಯಾಕೆ ಅಂದ್ರೆ, ಅಕ್ಕಪಕ್ಕದೋರಿಗೆ ಕಾಣಿಸಬೇಕಲ್ಲ!"

"ಅಂಗನ್ನಿ! ಆವತ್ತು ಮಾಡಿದ್ದು ಯಾರು?"

"ಬಟ್ಲರೇ ಶುರು ಮಾಡಿದ. ಆಮೇಲೆ ಬೀಸಣಿಗೆ ಯಾರ ಕೈಗೆ ಬಂತು? ಈ ಕೈಗೆ."

ಇದರಲ್ಲಿ ಸುಳ್ಳೇನೂ ಇರಲಿಲ್ಲ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಟೀ ಅಂಗಡಿಯ ಸುದ್ದಿ ಬಸ್ಸು ಹತ್ತುತ್ತದೆ. ಬಡವನಹಳ್ಳಿಯ ಮೇಲೆ ಮಧುಗಿರಿಗೆ ಹೋಗುವ ಬಸ್ಸಿನ ಕಂಡಕ್ಟರನ ಬಾಯಿಂದ ಅದು ಮಧುಗಿರಿಯಲ್ಲಿ ಇಳಿದು, ನೆಟ್ಟಗೆ ನಬೀ ಸಾಬರ ಬಳೆ ಅಂಗಡಿಗೆ ನಡೆಯಿತು. ಅದು ಬೇರೆಲ್ಲಿಗಾದರೂ ಹೋಗಿದ್ದರೆ ಚಿಂತೆಯಿರಲಿಲ್ಲ. ನಬೀ ಸಾಬರ ಮಗ, ಸೈಕಲ್ ಷಾಪ್ ಇಟ್ಟಿದ್ದ ಮುನೀರನಿಗೆ ಷರೀಫರ ಮಗಳು ಗೌಹರಳನ್ನು ತಂದುಕೊಳ್ಳುವ ಮಾತು ಆಗಷ್ಟೇ ನಡೆದಿತ್ತು. ಮಾತು ಇನ್ನೂ ಅರ್ಧದಲ್ಲಿತ್ತು. ಯಾಕೆಂದರೆ ನಬೀ ಸಾಬರು ಏನೇ ಹೇಳಿದರೂ ಅದು ಪೂರ್ತಿಯಾಗುವುದು ಅವರ ಅಕ್ಕ ಸಾಬೀರಾ ಬೀ ತಲೆಯಾಡಿಸಿದ ಮೇಲೆಯೇ. ಸಾಬೀರಾ ಬೀ ಇದುವರೆಗೆ ತಮ್ಮನ ಮನೆಯ ಮೂರು ಸಂಬಂಧಗಳಿಗೆ ತಲೆಯನ್ನು ಅಡ್ಡಡ್ಡ ಆಡಿಸಿದ್ದರು.

ಕಂಡಕ್ಟರನೇ ಮರುಮಾತು ತಂದ. "ಭಾನುವಾರ ಬರ್ತಾರಂತೆ ಸಾಬ್ರೇ, ಸಾಬೀರಾಮ್ಮನೋರೂ ಬರ್ತಾರೆ. ಬಿರಿಯಾನಿ ಗಿರಿಯಾನಿ ತೊಂದ್ರೆ ತಗೋಬೇಡಿ ಅಂದ್ರು. ನಿಮ್ ಕೈ ಗ್ರಿಲ್ಲೇ ಸಾಕಂತೆ."

ಷರೀಫರ ಹೆಂಡತಿ ನಜ್ಮುನ್ನೀಸಾ ಈ ಮಾತು ಕೇಳಿ, ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ಏನು ಸಾಕಂತೆ?"

"ಗ್ರಿಲ್."

"ಮಾಡೋರು ಯಾರು?"

"ಇನ್ಯಾರು? ನಾನೇ."

"ಏನ್ರೀ, ನೀವು ಬೀಡಿ ಹಚ್ಚೋಕೆ ಅರ್ಧ ಬೆಂಕಿಪೊಟ್ಟಣ ಖಾಲಿ ಮಾಡ್ತೀರ. ಮಗಳ ಸಂಬಂಧ ಇದು. ಸುಮ್ಮನೆ ನಾನೊಂದು ಬಿರಿಯಾನಿ ಮಾಡ್ತೀನಿ, ನೀವು ಟೋಪಿ ಹಾಕ್ಕೊಂಡು ಕೂತಿರಿ."

"ಬಿರಿಯಾನಿ ಎಲ್ಲರ ಮನೇಲೂ ಇರುತ್ತೆ ಬೇಗಂ. ಮಧುಗಿರೀಲಿ ಬಿರಿಯಾನಿ ಇಲ್ವಾ? ಅವರು ಬರ್ತಿರೋದು ದಂಡಿನ ಊಟಕ್ಕೆ."

ನಜ್ಮುನ್ನೀಸಾ ಮತ್ತೆ ಮೊರ ಎತ್ತಿಕೊಂಡಳು. ಹುಚ್ಚಣ್ಣ ಕೊಟ್ಟ ಎಳೆ ಕುರಿಯ ಮಾಂಸಕ್ಕೆ ಪರಂಗಿಕಾಯಿ ಅರೆದು, ಮೊಸರು, ಶುಂಠಿ, ಮೆಣಸು ಬೆರೆಸಿ ನೆನೆಹಾಕಿದಳು. ಗಂಡನಿಗೆ ಮಿಕ್ಕಿದ್ದು ಬರೀ ಸುಡುವ ಕೆಲಸ. ಅದರಲ್ಲಿ ಏನು ತಪ್ಪು ಮಾಡಲು ಸಾಧ್ಯ ಎಂದು ಅವಳು ಅಂದುಕೊಂಡಳು. ಇಪ್ಪತ್ತು ವರ್ಷ ಸಂಸಾರ ಮಾಡಿಯೂ ಹೀಗೆ ಅಂದುಕೊಂಡದ್ದು ಅವಳ ತಪ್ಪು.

ಗ್ರಿಲ್ಲಿನ ಪೆಟ್ಟಿಗೆಗೆ ಷರೀಫರು ಹುಡುಕಬೇಕಾಗಲಿಲ್ಲ. ಅಂಗಡಿಯಲ್ಲಿ ಯಾರೂ ಕೊಳ್ಳದ ಒಂದು ಟ್ರಂಕಿತ್ತು. ಹಸಿರು ಬಣ್ಣ, ಸುತ್ತ ಗುಲಾಬಿ, ಮುಂದೆ ಒಂದು ಗಿಳಿ. ಬಣ್ಣ ಬಳಿದವನು ಗಿಳಿಗೆ ಹಲ್ಲು ಬರೆದುಬಿಟ್ಟಿದ್ದ ಕಾರಣ ಮದುಮಗಳ ಕಡೆಯವರು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಷರೀಫರು ಅದಕ್ಕೆ ನಾಲ್ಕು ಕಾಲು ಹೊಡೆದರು, ಮುಚ್ಚಳ ಕಿತ್ತರು. ಪಕ್ಕದ ಅಂಗಡಿಯ ಛತ್ರಿ ರಿಪೇರಿಯವನಿಂದ ಹಳೆಯ ಛತ್ರಿಯ ಕಡ್ಡಿಗಳನ್ನು ತಂದು ಉಜ್ಜಿ ತೊಳೆದು ಸರಳು ಮಾಡಿಕೊಂಡರು. ಒಂದು ಚೀಲ ಇದ್ದಿಲು ಬಂತು. ದಂಡಿಗೂ ಸಿರಾಕ್ಕೂ ಇನ್ನು ವ್ಯತ್ಯಾಸವೇನು?

ಭಾನುವಾರ ಬಂತು. ಬಸ್ಸೂ ಬಂತು. ನಬೀ ಸಾಬರು ರೇಷ್ಮೆ ರುಮಾಲು ಸುತ್ತಿ, ಇಬ್ಬರು ಹಿರಿಯರ ಜೊತೆ, ಹಿಂದೆ ನಾಚಿಕೊಂಡ ಮುನೀರನನ್ನು ಕರೆದುಕೊಂಡು ಇಳಿದರು. ಸಾಬೀರಾ ಬೀ ಕಪ್ಪು ಬುರ್ಖಾದೊಳಗಿಂದ ಬೀದಿಯನ್ನೂ ಮನೆಯನ್ನೂ ಬಾಗಿಲನ್ನೂ ತೂಕ ಹಾಕುತ್ತ ಒಳಗೆ ನಡೆದರು. ಗಂಡಸರು ಮುಂದಿನ ಕೋಣೆಯಲ್ಲಿ ಜಮಖಾನದ ಮೇಲೆ ಕೂತರು. ಹೆಂಗಸರು ಹಿಂದೆ ಅಡುಗೆಮನೆಯ ಕಡೆ ಸೇರಿದರು. ಆಷಾಢದ ಗಾಳಿ ರೊಯ್ಯೆಂದು ಬೀಸುತ್ತಿತ್ತು. ಬೀದಿಯ ಧೂಳೆಲ್ಲ ಎದ್ದು ಆಕಾಶದಲ್ಲಿತ್ತು.

ಷರೀಫರು ಟ್ರಂಕನ್ನು ಹಿತ್ತಿಲಿನಲ್ಲಿ, ಎಲ್ಲರಿಗೂ ಕಾಣುವಂತೆ, ಮೋಟುಗೋಡೆಯ ಪಕ್ಕದಲ್ಲೇ ಇಟ್ಟರು. ಗೋಡೆಯ ಆಚೆ ಚನ್ನಮಲ್ಲಯ್ಯನವರ ಹಿತ್ತಿಲು. ಕಡಲೆಕಾಯಿ ವ್ಯಾಪಾರದ ಚನ್ನಮಲ್ಲಯ್ಯನವರು ಎದೆಯ ಮೇಲೆ ಲಿಂಗ, ಹಣೆಯ ಮೇಲೆ ವಿಭೂತಿ ಇಲ್ಲದೆ ಯಾರಿಗೂ ಕಂಡವರಲ್ಲ. ಮಾಂಸದ ವಾಸನೆ ಬಂದ ದಿನ ಅವರು ಆ ಕಡೆಯ ಕಿಟಕಿ ಮುಚ್ಚುತ್ತಿದ್ದರೇ ಹೊರತು ಒಂದು ದಿನವೂ ಮಾತು ಎತ್ತಿರಲಿಲ್ಲ. ಈ ದಿನ ಮಾತ್ರ ಅವರು ಗೋಡೆಯ ಮೇಲೆ ತಲೆಯೆತ್ತಿ ನಿಂತರು. ಕಾರಣ, ಗೋಡೆಗೆ ಒರಗಿಕೊಂಡಂತೆ ಅವರ ಎತ್ತುಗಳ ವರ್ಷದ ಮೇವು, ರಾಗಿ ಹುಲ್ಲಿನ ಬಣವೆ ಇತ್ತು.

"ಷರೀಫರೇ, ಟ್ರಂಕಿಗೆ ಯಾಕೆ ಇದ್ದಿಲು ತುಂಬ್ತಿದೀರಿ?"

"ಗ್ರಿಲ್ಲು ಸ್ವಾಮೀ. ನೀವು ತಿನ್ನಲ್ಲ, ನೋಡಿ ಆನಂದಪಡಿ."

"ಅಲ್ಲ, ಈ ಗಾಳೀಲಿ, ನನ್ನ ಬಣವೆ ಪಕ್ಕದಲ್ಲೇ..."

"ಗಾಳಿ ಬೇಕು ಸ್ವಾಮೀ, ಗಾಳಿ ಇಲ್ಲದೆ ಇದ್ದಿಲು ಹತ್ತಲ್ಲ."

ಗಾಳಿ ಇದ್ದರೂ ಇದ್ದಿಲು ಹತ್ತಲಿಲ್ಲ. ಷರೀಫರು ಗೀರಿದ ಕಡ್ಡಿಗಳೆಲ್ಲ ಆರಿಹೋದವು. ಒಳಗಿಂದ ನಬೀ ಸಾಬರು ಕೆಮ್ಮಿದರು. ಹಸಿದವರ ಕೆಮ್ಮಿಗೂ ನೆಗಡಿಯವರ ಕೆಮ್ಮಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಷರೀಫರು ಗಾಬರಿಯಾಗಿ ಲಾಂದ್ರಕ್ಕೆ ಹಾಕುವ ಸೀಮೆಎಣ್ಣೆಯ ಶೀಷೆ ತಂದು ಇದ್ದಿಲ ಮೇಲೆ ಧಾರಾಳವಾಗಿ ಸುರಿದು, ಬಗ್ಗಿ ಕಡ್ಡಿ ಗೀರಿದರು.

ಭಗ್!

ಷರೀಫರ ಹುಬ್ಬು ಎರಡೂ ಹೋದವು. ಗಡ್ಡದ ಬಲಭಾಗ ಸುರುಟಿಕೊಂಡು ಮೇಲಕ್ಕೆ ಹೋಯಿತು. ಟ್ರಂಕಿನ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದು, ಹಲ್ಲಿನ ಗಿಳಿ ಮೊದಲು ಕಾಗೆಯಾಯಿತು, ಆಮೇಲೆ ಹೊಗೆಯಾಯಿತು. ಆ ಹೊಗೆಗೆ ಬೀದಿಯ ನಾಯಿಗಳು ಕೂಡ ಕೆಮ್ಮಿದವು. ಅಷ್ಟರಲ್ಲಿ ಗಾಳಿ ಒಂದು ಸುತ್ತು ತಿರುಗಿ, ಕಿಡಿಗಳನ್ನು ಬೊಗಸೆಯಲ್ಲಿ ಎತ್ತಿಕೊಂಡಂತೆ ಎತ್ತಿ ಗೋಡೆಯಾಚೆ ಎರಚಿತು.

"ಅಯ್ಯೋ ಬಣವೆ!" ಎಂದು ಚನ್ನಮಲ್ಲಯ್ಯನವರು ಪಂಚೆ ಎತ್ತಿಕಟ್ಟಿ, ಕೊಡದ ಮೇಲೆ ಕೊಡ ನೀರು ತಂದು ತಮ್ಮ ಹುಲ್ಲಿಗೆ ಸುರಿಯತೊಡಗಿದರು. ಅವರ ಸೊಸೆ ಬಂದಳು, ಎದುರುಮನೆಯವರು ಬಂದರು. ಬಣವೆ ಪೂರ್ತಿ ತೊಯ್ದು ಕೆಳಗೆ ಕೆಸರಾಯಿತು. "ಷರೀಫರೇ, ನಿಮಗೆ ಕೈ ಮುಗೀತೀನಿ, ಮೊದ್ಲು ಅದನ್ನ ಅಲ್ಲಿಂದ ತೆಗೀರಿ! ತೆಗೀರಿ ಅಂದ್ರೆ!"

ಚನ್ನಮಲ್ಲಯ್ಯನವರು ಹೇಳಿದ್ದು ಆರಿಸಿರಿ, ಇಲ್ಲವೇ ಬಯಲಿಗೆ ಒಯ್ಯಿರಿ ಎಂದು. ಷರೀಫರಿಗೆ ಅರ್ಥವಾದದ್ದು ಒಳಗೆ ಒಯ್ಯಿರಿ ಎಂದು. ಅವರ ಲೆಕ್ಕ ಸರಳವಾಗಿತ್ತು. ಹೊರಗೆ ಗಾಳಿ ಇದೆ, ಹುಲ್ಲಿದೆ, ಬೈಯುವ ಜನ ಇದ್ದಾರೆ. ಒಳಗೆ ಇದು ಯಾವುದೂ ಇಲ್ಲ. ಅಕ್ಕಪಕ್ಕದವರಂತೂ ಬೇಕಾದ್ದಕ್ಕಿಂತ ಹೆಚ್ಚೇ ನೋಡಿಯಾಗಿತ್ತು.

ಗದ್ದಲ ಕೇಳಿ ಹಿತ್ತಿಲಿಗೆ ಬಂದಿದ್ದ ಮುನೀರ್, "ಒಳಗೆ ಬೇಡ ಮಾಮೂ, ಬಿಸಿಯಾಗುತ್ತೆ" ಎಂದ.

"ನೀನು ಮದುಮಗ, ಸುಮ್ಮನೆ ಒಂದು ಕಡೆ ಹಿಡಿ" ಎಂದರು ಷರೀಫರು.

ಹಾಗೆ ಗೋಣಿತಾಟು ನೆನೆಸಿ ಹಿಡಿಗಳಿಗೆ ಸುತ್ತಿ, ಗ್ರಿಲ್ಲನ್ನು ಮುಂದಿನ ಕೋಣೆಗೆ ತಂದು ಜಮಖಾನ ಸರಿಸಿ ಇಟ್ಟಿದ್ದಾಯಿತು. ಅದು ಮಾಳಿಗೆ ಮನೆ. ಸೂರಿನ ಗವಾಕ್ಷಿಗೆ ಮಳೆಗಾಲವೆಂದು ತಗಡು ಮುಚ್ಚಿತ್ತು. ಧೂಳು ಬರುತ್ತದೆಂದು ಒಂದೇ ಕಿಟಕಿಯನ್ನೂ ಹಾಕಿತ್ತು. ಈಗ ಷರೀಫರು ಬೀದಿಬಾಗಿಲನ್ನೂ ಎಳೆದು ಅಗಳಿ ಹಾಕಿದರು. ಬಣ್ಣವೆಲ್ಲ ಉರಿದುಹೋಗಿ ಹೊಗೆ ನಿಂತಿತ್ತು. ಇದ್ದಿಲು ದಾಳಿಂಬೆ ಬೀಜದಂತೆ ಕೆಂಪಗೆ ಮಿನುಗುತ್ತಿತ್ತು. ಛತ್ರಿ ಕಡ್ಡಿಯ ಮೇಲೆ ಮಾಂಸ ಚುರುಗುಟ್ಟಿತು. ಎಂಥ ಘಮ ಬಂತೆಂದರೆ ನಬೀ ಸಾಬರು ಕೆಮ್ಮುವುದನ್ನು ಮರೆತರು.

"ವಾಹ್ ಷರೀಫ್ ಭಾಯ್! ದಂಡು ಅಂದ್ರೆ ದಂಡು!"

ಷರೀಫರು ಹುಬ್ಬಿಲ್ಲದ ಮುಖವನ್ನು ಸಾಧ್ಯವಾದಷ್ಟು ಗಂಭೀರ ಮಾಡಿಕೊಂಡು ಬೀಸಣಿಗೆ ಆಡಿಸಿದರು. ಅಡುಗೆಮನೆಗೆ ಓಡುವುದು, ಮಾಂಸ ತರುವುದು, ಸುಡುವುದು, ಬಡಿಸುವುದು. ತಿಂದವರು ಮತ್ತೆ ತಿಂದರು. ಸ್ವಲ್ಪ ಹೊತ್ತಾದ ಮೇಲೆ ಹಿರಿಯರೊಬ್ಬರು ಆಕಳಿಸಿದರು. ಇನ್ನೊಬ್ಬ ಹಿರಿಯರು ಗೋಡೆಗೆ ಒರಗಿ, ಕಾರಣವಿಲ್ಲದೆ ನಕ್ಕರು. ಮುನೀರ್ ಹಣೆ ಒತ್ತಿಕೊಂಡ. ನಬೀ ಸಾಬರಂತೂ ಷರೀಫರ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡರು.

"ಭಾಯ್, ನಮಗೆ ಏನೂ ಬೇಡ. ಮಂಚ ಬೇಡ, ಪಾತ್ರೆ ಬೇಡ. ನಿಮ್ಮ ಮಗಳನ್ನ ಕೊಡಿ, ಸಾಕು. ನನ್ನ ಅಂಗಡಿ ಬಳೆ ಎಲ್ಲ ನಿಮ್ಮದೇ. ನೀವೇ ತೊಟ್ಕೊಳ್ಳಿ."

ಷರೀಫರು ಅಡುಗೆಮನೆಗೆ ಹಾರಿಕೊಂಡು ಹೋಗಿ ಹೆಂಡತಿಯ ಕಿವಿಯಲ್ಲಿ ಹೇಳಿದರು. "ನೋಡಿದ್ಯಾ ಗ್ರಿಲ್ಲಿನ ತಾಕತ್ತು? ಮಂಚ ಬೇಡವಂತೆ!"

"ಅವರ ಮಾತು ತೊದಲ್ತಾ ಇದೆಯಲ್ರೀ."

"ಸಂತೋಷಕ್ಕೆ ಕಣೇ!"

ಮಂಚ ಬೇಡವೆಂಬ ಮಾತು ಸಾಬೀರಾ ಬೀಯ ಕಿವಿಗೂ ಬಿದ್ದಿತು. ಆ ಮಂಚವನ್ನು ಬೇಕೆಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡವರೇ ಅವರು. ಪರದೆ ಸರಿಸಿ ಮುಂದಿನ ಕೋಣೆಗೆ ಕಾಲಿಟ್ಟರು. ತಮ್ಮ ನಬೀ ಸಾಬರು ಜಮಖಾನದ ಮೇಲೆ ಅಂಗಾತ ಮಲಗಿ ಸೂರಿನ ತೊಲೆಗೆ ಸಲಾಂ ಮಾಡುತ್ತಿದ್ದರು. ಹಿರಿಯರಲ್ಲಿ ಒಬ್ಬರು ಪೀಕದಾನಿಯ ಮೇಲೆ ಬಗ್ಗಿದ್ದರು, ಇನ್ನೊಬ್ಬರು ಇನ್ನೂ ನಗುತ್ತಿದ್ದರು. ಮದುಮಗ ಬಿಳಿಚಿಕೊಂಡು ಗೋಡೆ ಹಿಡಿದಿದ್ದ.

"ಯಾ ಅಲ್ಲಾ! ಮದ್ದು! ನನ್ನ ತಮ್ಮನಿಗೆ ಮದ್ದು ಹಾಕಿದಾರೆ!"

ಆ ಕೂಗಿಗೆ ಬೀದಿಬಾಗಿಲು ತಾನಾಗಿಯೇ ತೆರೆದುಕೊಂಡಿತೆಂದು ಆಮೇಲೆ ಕೆಲವರು ಹೇಳಿದರು. ನಿಜದಲ್ಲಿ ಅಗಳಿ ತೆಗೆದದ್ದು ಸಾಬೀರಾ ಬೀ, ನೂಕಿ ತೆರೆದದ್ದು ಎದುರುಮನೆಯವರು. ಮಧುಗಿರಿಯ ಗಂಡಸರನ್ನೆಲ್ಲ ಹೊತ್ತು ತಂದು ಜಗಲಿಯ ಮೇಲೆ ಸಾಲಾಗಿ ಮಲಗಿಸಿದರು. ಮದ್ದು ಎಂಬ ಮಾತು ಬೀದಿಯ ಈ ತುದಿಯಿಂದ ಆ ತುದಿಗೆ ಹರಿಯಿತು. ಮಗಳ ಮದುವೆ ಮಾಡಲು ಟ್ರಂಕು ಸಾಬರು ಬೀಗರಿಗೆ ಮದ್ದಿಟ್ಟಿದ್ದಾರೆ ಎಂದರು ಕೆಲವರು. ಕೊರಟಗೆರೆ ಕಡೆ ಮದ್ದು ತೆಗೆಯುವವರು ಇದ್ದಾರೆ, ಗಾಡಿ ಕಟ್ಟಿ ಎಂದರು ಕೆಲವರು. ಕುರಿಗೇ ರೋಗವಿತ್ತು ಎಂದು ಯಾರೋ ಹೇಳಿದ್ದೇ ತಡ, ಟೀ ಅಂಗಡಿಯಿಂದ ಹುಚ್ಚಣ್ಣನನ್ನು ಎಳೆದು ತಂದರು.

"ನನ್ ಕುರಿಗೆ ರೋಗ್ವಾ? ನಿಮ್ಮಪ್ಪಗೆ ಬಂದಿರ್ಬೇಕು ರೋಗ! ಬೆಳಿಗ್ಗೆ ನನ್ ತೊಡೇಗೆ ಗುದ್ದಿ ಕೆಡವಿತ್ತು ಕಣ್ಲಾ ಆ ಕುರಿ!" ಎಂದು ಹುಚ್ಚಣ್ಣ ಪಂಚೆ ಸರಿಸಿ ಬಾವು ತೋರಿಸಹೊರಟ. ಹೆಂಗಸರು ಮುಖ ತಿರುಗಿಸಿದರು.

ಈ ಹೊತ್ತಿಗೆ ದಫೇದಾರ್ ವೆಂಕಟರಾಮಯ್ಯನವರು ಸೈಕಲ್ಲಿನಿಂದ ಇಳಿದರು. ಹಿಂದೆಯೇ ಪಾವಗಡದ ಕಡೆಯ, ಅರ್ಧ ತೆಲುಗು ಮಾತಾಡುವ ಕಾನ್‌ಸ್ಟೇಬಲ್ ಪೆದ್ದಣ್ಣ ಓಡಿಬಂದ. ವೆಂಕಟರಾಮಯ್ಯನವರು ಮಡಿವಂತರು. ಸ್ಟೇಷನ್ನಿಗೂ ಮನೆಯಿಂದ ನೀರಿನ ಚೊಂಬು ತೆಗೆದುಕೊಂಡು ಹೋಗುವವರು. ತಟ್ಟೆಯಲ್ಲಿ ಉಳಿದಿದ್ದ ಕಬಾಬುಗಳನ್ನು ದೂರದಿಂದ ಲಾಠಿಯಲ್ಲಿ ತೋರಿಸಿ ಹೇಳಿದರು.

"ಪೆದ್ದಣ್ಣ, ಇದು ಕೇಸಿನ ಮುದ್ದೆಮಾಲು. ಹೊರಗೆ ಇಟ್ಕೊಂಡು ಕಾಯ್ತಾ ಇರು. ಒಂದು ತುಂಡೂ ಆಚೀಚೆ ಆಗಬಾರದು."

"ಅಟ್ಲೇ ಸಾರ್."

"ಏನ್ರೀ ಷರೀಫ್, ಒಳಗೆ ನಡೀರಿ. ಈ ಸಂತೇಲಿ ವಿಚಾರಣೆ ಆಗಲ್ಲ."

ಇಬ್ಬರೂ ಒಳಗೆ ಹೋದರು. ಜನ ನುಗ್ಗದಂತೆ ದಫೇದಾರರು ಸ್ವಂತ ಕೈಯಿಂದ ಬಾಗಿಲು ಮುಚ್ಚಿ ಅಗಳಿ ಹಾಕಿದರು. ಗ್ರಿಲ್ಲು ಕೋಣೆಯ ಮಧ್ಯದಲ್ಲಿ ಹಾಗೆಯೇ ಮಿನುಗುತ್ತಿತ್ತು. ಇಂಥ ಗಲಾಟೆಯಲ್ಲಿ ಇದ್ದಿಲನ್ನು ಯಾರು ನೆನೆಯುತ್ತಾರೆ?

"ಹೇಳ್ರೀ. ಏನು ಹಾಕಿದ್ರಿ?"

"ಶುಂಠಿ, ಮೊಸರು, ಪರಂಗಿಕಾಯಿ..."

"ಅದಲ್ಲ! ಮದ್ದು."

"ಅಲ್ಲಾನ ಆಣೆ ಸಾರ್, ಮದ್ದು ಅಂದ್ರೆ ನಾನು ಪಟಾಕಿ ಮದ್ದು ಕೂಡ ಮುಟ್ಟಿಲ್ಲ."

ವಿಚಾರಣೆ ಹೀಗೇ ನಡೆಯಿತು. ಹೊರಗಿನವರು ಬಾಗಿಲಿಗೆ ಕಿವಿಯಿಟ್ಟು ಕೇಳುತ್ತಿದ್ದರು. ದಫೇದಾರರ ಧ್ವನಿ ಮೊದಲು ಗುಡುಗಿನಂತಿತ್ತು. ಆಮೇಲೆ ಇಳಿಯಿತು. ಆಮೇಲೆ ಅವರು ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದರು. ಷರೀಫರ ದನಿಯೂ ದಣಿದಂತೆ ಕೇಳಿಸಿತು.

"ನಿಜ ಹೇಳ್ರೀ, ಷರೀ... ಷರೀ..."

"ಹಾಕಿದೆ ಅನ್ಸುತ್ತೆ ಸಾರ್. ಏನು ಹಾಕಿದೆ ನೆನಪಿಲ್ಲ. ನೀವೇ ಏನಾದ್ರೂ ಬರ್ಕೊಳ್ಳಿ."

"ನನಗೂ ನೆನಪಿಲ್ಲ ಕಣಯ್ಯ. ನಾನು ಯಾರ ಮನೆಗೆ ಬಂದಿದೀನಿ?"

ಇತ್ತ ಜಗಲಿಯ ಮೇಲೆ ಬೀಸುಗಾಳಿಗೆ ಮುನೀರ್ ಎದ್ದು ಕೂತಿದ್ದ. ತಲೆ ಒಂದಿಷ್ಟು ತಿಳಿಯಾದಾಗ ಅವನ ಕಣ್ಣಿಗೆ ಮೊದಲು ಬಿದ್ದದ್ದು ಪೆದ್ದಣ್ಣ. ಪೆದ್ದಣ್ಣ ಖಾಲಿ ತಟ್ಟೆ ಹಿಡಿದು ಬೆರಳು ನೆಕ್ಕುತ್ತಿದ್ದ.

"ಕಬಾಬು ಎಲ್ಲಿ?"

"ತಪ್ಪಾಯ್ತು ಸಾಮೀ. ಒಂದು ಚೂಸ್ದಾಮು, ನೋಡೋಣ ಅಂತ ತಿಂದೆ. ಚಾಲಾ ಬಾಗುಂದಿ. ಆಮೇಲೆ ಕೈ ನಿಲ್ಲಲಿಲ್ಲ."

"ತಲೆ ಸುತ್ತುತ್ತಾ?"

"ಯಾಕೆ ಸುತ್ತುತ್ತೆ? ಇನ್ನೊಂದು ತಟ್ಟೆ ಇದ್ರೆ ಅದನ್ನೂ ಕಾಯ್ತೀನಿ."

ಅದೇ ಕ್ಷಣಕ್ಕೆ ಒಳಗೆ ಧಡ್ ಎಂದು ಶಬ್ದವಾಯಿತು. ಬಾಗಿಲ ಸಂದಿಯಲ್ಲಿ ಇಣುಕಿದವರಿಗೆ ಕಂಡಿತು, ದಫೇದಾರರು ಬಿದ್ದಿದ್ದರು. ಷರೀಫರು ಆಗಲೇ ಅವರ ಬೂಟಿನ ಮೇಲೆ ತಲೆಯಿಟ್ಟು ಮಲಗಿದ್ದರು.

"ದಫೇದಾರ್ ಸಾಹೇಬರು ಏನಾದ್ರೂ ತಿಂದ್ರಾ?" ಎಂದು ಮುನೀರ್ ಕೂಗಿದ.

"ಅವರಾ!" ಎಂದರು ಗೋಡೆಯ ಆಚೆಯಿಂದ ಓಡಿಬಂದ ಚನ್ನಮಲ್ಲಯ್ಯನವರು. "ನಮ್ಮನೇಲೂ ನೀರು ಮುಟ್ಟಲ್ಲ ಅವರು!"

ತಿಂದ ಪೆದ್ದಣ್ಣ ನೆಟ್ಟಗೆ ನಿಂತಿದ್ದಾನೆ, ತಿನ್ನದ ದಫೇದಾರರು ಬಿದ್ದಿದ್ದಾರೆ. ಮುನೀರ್ ಬಾಗಿಲಿಗೆ ಓಡಿದ. ಬೀದಿಬಾಗಿಲಿಗೆ ಒಳಗಿಂದ ಅಗಳಿ. ಅವನು ಸುತ್ತಿಕೊಂಡು ಹಿತ್ತಿಲಿನಿಂದ ಒಳಗೆ ನುಗ್ಗಿದಾಗ ಅಲ್ಲಿ ಅವನಿಗಿಂತ ಮುಂಚೆ ಒಬ್ಬಳು ಬಂದಿದ್ದಳು. ಗೌಹರ್ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಕಿಟಕಿ ತೆರೆದು, ಬೀದಿಬಾಗಿಲಿನ ಅಗಳಿ ತೆಗೆದು, ಗೋಣಿತಾಟು ನೆನೆಸಿ ಗ್ರಿಲ್ಲಿನ ಒಂದು ಹಿಡಿ ಹಿಡಿದಿದ್ದಳು.

"ಅಬ್ಬಾನ ಆಮೇಲೆ ಎಬ್ಬಿಸೋಣ. ಮೊದಲು ಇದು ಹೊರಗೆ ಹೋಗಲಿ" ಎಂದಳು. "ಆ ಕಡೆ ಹಿಡೀರಿ. ಹುಷಾರು, ಸುಡುತ್ತೆ."

ನಿಶ್ಚಯಕ್ಕೆ ಮುಂಚೆ ಹುಡುಗ ಹುಡುಗಿ ಆಡಬಾರದೆಂದು ಹಿರಿಯರು ಜಾಗ್ರತೆ ಮಾಡಿದ್ದ ಮೊದಲ ಮಾತು ಹೀಗೆ ಆಡಿ ಮುಗಿಯಿತು. ಇಬ್ಬರೂ ಟ್ರಂಕನ್ನು ಎತ್ತಿಕೊಂಡು ಹಿತ್ತಿಲು ದಾಟಿ, ಬಣವೆಗೆ ಬಹಳ ದೂರದಲ್ಲಿ, ಬರೀ ಮಣ್ಣಿನ ಬಯಲಿನ ನಡುವೆ ಇಳಿಸಿ ಬಂದರು. ಚನ್ನಮಲ್ಲಯ್ಯನವರು ಎರಡು ಕೊಡ ನೀರು ತಂದು, ಯಾವುದಕ್ಕೂ ಇರಲಿ ಎಂದು ಪಕ್ಕದಲ್ಲಿಟ್ಟರು.

ದಫೇದಾರರನ್ನೂ ಷರೀಫರನ್ನೂ ಜಗಲಿಗೆ ತಂದು ಮುಖಕ್ಕೆ ನೀರು ಹೊಡೆಯುವಷ್ಟರಲ್ಲಿ ಆಸ್ಪತ್ರೆಯ ಡಾಕ್ಟರು ಬಂದರು. ನಾಡಿ ನೋಡಿದರು, ರೆಪ್ಪೆ ಎತ್ತಿ ನೋಡಿದರು, ಒಳಗೆ ಹೋಗಿ ಮುಚ್ಚಿದ ಗವಾಕ್ಷಿಯನ್ನೂ ನೋಡಿ ಬಂದರು.

"ಮದ್ದೂ ಇಲ್ಲ, ಮಾಟವೂ ಇಲ್ಲ. ಇದು ಗ್ಯಾಸು."

"ನಮ್ಮನೇಲಿ ಗ್ಯಾಸ್ ಲೈಟೇ ಇಲ್ಲ ಡಾಕ್ಟ್ರೇ" ಎಂದಳು ನಜ್ಮುನ್ನೀಸಾ.

"ಆ ಗ್ಯಾಸಲ್ಲಮ್ಮ. ಇದ್ದಿಲು ಉರೀವಾಗ ಒಂದು ಕೆಟ್ಟ ಗಾಳಿ ಬಿಡುತ್ತೆ. ಹೊಗೆ ಇರಲ್ಲ, ವಾಸನೆ ಇರಲ್ಲ. ಬಯಲಲ್ಲಿ ಆದ್ರೆ ಹಾರಿಹೋಗುತ್ತೆ. ಬಾಗಿಲು ಹಾಕಿದ ಕೋಣೇಲಿ ಆದ್ರೆ ಮೊದಲು ತಲೆನೋವು, ಆಮೇಲೆ ನಗು, ಆಮೇಲೆ ನಿದ್ದೆ. ಇನ್ನೂ ಒಂದು ಗಂಟೆ ಬಿಟ್ಟಿದ್ರೆ ಇವರು ಯಾರೂ ಏಳ್ತಿರಲಿಲ್ಲ."

ಷರೀಫರು ಎದ್ದು ಕೂತು, ಹುಬ್ಬಿಲ್ಲದ ಮುಖದಲ್ಲಿ ಒಮ್ಮೆ ನಬೀ ಸಾಬರ ಕಡೆ ನೋಡಿದರು, ಒಮ್ಮೆ ಮಗಳ ಕಡೆ ನೋಡಿದರು. ಆಮೇಲೆ ಟೋಪಿ ತೆಗೆದು ಮಡಿಲಿನಲ್ಲಿಟ್ಟುಕೊಂಡು ಅಳತೊಡಗಿದರು. ಅರ್ಧ ಗಡ್ಡದ ಮನುಷ್ಯ ಅಳುವುದನ್ನು ನೋಡಿ ನಗಲು ಯಾರಿಗೂ ಮನಸ್ಸಾಗಲಿಲ್ಲ. ಹುಚ್ಚಣ್ಣನಿಗೆ ಮಾತ್ರ ಸ್ವಲ್ಪ ಆಯಿತು.

"ಕೇಸು ಏನಂತ ಬರೀಲಿ ಡಾಕ್ಟ್ರೇ?" ಎಂದರು ವೆಂಕಟರಾಮಯ್ಯನವರು ಕ್ಷೀಣವಾಗಿ.

"ಬಾಗಿಲು ಹಾಕಿದ್ದು ಯಾರು ಅಂತ ಮೊದಲು ಬರೀರಿ."

ಎರಡನೇ ಸಲ ಹಾಕಿದ್ದು ತಾವೇ ಎಂಬುದು ನೆನಪಾಗಿ ದಫೇದಾರರು ಕೇಸನ್ನು ಅಲ್ಲಿಗೇ ಬಿಟ್ಟರು.

ಉಳಿದದ್ದು ಸಾಬೀರಾ ಬೀಯ ತೀರ್ಪು. ಅವರು ತಮ್ಮನನ್ನು ನೆಟ್ಟಗೆ ಕೂಡಿಸಿ ಕೇಳಿದರು. "ಮಂಚ ಬೇಡ ಅಂದ್ಯಂತೆ?"

"ನಾನಾ? ಆಪಾ, ನಾನು ಯಾಕೆ ಬೇಡ ಅಂತೀನಿ!"

"ಹಾಗಾದ್ರೆ ಒಪ್ಪಿದ್ದೂ ಲೆಕ್ಕಕ್ಕಿಲ್ಲ. ಗ್ಯಾಸಿನಲ್ಲಿ ಆಡಿದ ಮಾತು ಅದು. ಎಲ್ಲರೂ ಏಳಿ, ಬಸ್ಸಿಗೆ ಹೊತ್ತಾಯ್ತು."

ಮುನೀರ್ ಏಳಲಿಲ್ಲ. "ಫುಫೂ, ನಾನೀಗ ಗಾಳೀಲಿ ಕೂತಿದೀನಿ. ತಲೆ ಸರಿಯಾಗಿದೆ. ಡಾಕ್ಟ್ರು ನಾಡಿ ನೋಡಿದಾರೆ. ಈಗ ಹೇಳ್ತಿದೀನಿ, ನನಗೆ ಒಪ್ಪಿಗೆ. ಮಂಚ ಬೇಡ."

ಸಾಬೀರಾ ಬೀ ಬಾಯಿ ತೆರೆದರು. ಆದರೆ ಆ ಹೊತ್ತಿಗೆ ಬಯಲಿನಿಂದ ಒಂದು ಪರಿಮಳ ಬಂತು. ನಜ್ಮುನ್ನೀಸಾ ಯಾರನ್ನೂ ಕೇಳದೆ, ಸೆರಗು ಬಿಗಿದು, ನೆನೆಹಾಕಿದ್ದ ಉಳಿದ ಮಾಂಸವನ್ನು ಬಯಲಿನ ಗ್ರಿಲ್ಲಿಗೆ ಏರಿಸಿದ್ದಳು. ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದಳು. ಪಕ್ಕದಲ್ಲಿ ನೀರಿನ ಕೊಡವಿತ್ತು. ಹತ್ತಿರ ಬಂದವರನ್ನು ದೂರ ಸರಿಸುತ್ತಿದ್ದಳು. ಬೆಳಗಿನಿಂದ ಏನೂ ತಿನ್ನದ ಸಾಬೀರಾ ಬೀ ಆ ಕಡೆ ತಿರುಗಿದರು, ನಡೆದರು, ಒಂದು ಕಡ್ಡಿ ಇಸಿದುಕೊಂಡರು. ಮೊದಲು ಷರೀಫರಿಗೆ ತಿನ್ನಿಸಿ ಒಂದಿಷ್ಟು ಹೊತ್ತು ಅವರನ್ನೇ ನೋಡಿದರು. ಅವರು ಬೀಳಲಿಲ್ಲ. ಆಮೇಲೆ ತಾವು ತಿಂದರು. ಎರಡನೇ ಕಡ್ಡಿಯನ್ನೂ ಇಸಿದುಕೊಂಡರು. ಕೊನೆಗೆ ತಲೆಯನ್ನು ಮೇಲೆ ಕೆಳಗೆ ಆಡಿಸಿದರು. ಮಧುಗಿರಿಯವರಲ್ಲಿ ಯಾರೂ ಇದುವರೆಗೆ ಆ ತಲೆ ಆ ದಿಕ್ಕಿನಲ್ಲಿ ಆಡಿದ್ದನ್ನು ಕಂಡಿರಲಿಲ್ಲ.

"ಒಂದು ಶರತ್ತು" ಎಂದರು. "ನಿಕಾಹ್ ದಿನ ನಾಲ್ಕೂ ಕಡೆ ತೆರೆದ ಚಪ್ಪರ. ಈ ಮನುಷ್ಯ ಬೆಂಕಿಕಡ್ಡಿ ಮುಟ್ಟಬಾರದು."

ಷರೀಫರು ಒಪ್ಪಿದರು. ಅಂದು ಅವರು ಯಾವುದಕ್ಕೆ ಬೇಕಾದರೂ ಒಪ್ಪುತ್ತಿದ್ದರು. ಮರುದಿನವೇ ಚನ್ನಮಲ್ಲಯ್ಯನವರ ಹಿತ್ತಿಲಿಗೆ ಹೋಗಿ, ಒದ್ದೆ ಹುಲ್ಲನ್ನೆಲ್ಲ ಬಿಸಿಲಿಗೆ ಹರಡಿ ಒಣಗಿಸಿ ಮತ್ತೆ ಬಣವೆ ಕಟ್ಟಿಕೊಟ್ಟರು. ಕಟ್ಟಿದ್ದು ಸೊಟ್ಟಗಾಯಿತು. ಚನ್ನಮಲ್ಲಯ್ಯನವರು ಅದಕ್ಕೊಂದು ಊರುಗೋಲು ಕೊಟ್ಟು ನಿಲ್ಲಿಸಿದರು.

ಬೇಸಿಗೆಯಲ್ಲಿ ನಿಕಾಹ್ ನಡೆಯಿತು. ಚಪ್ಪರ ನಾಲ್ಕೂ ಕಡೆ ತೆರೆದಿತ್ತು. ಬಿರಿಯಾನಿಯ ಹಂಡೆಗಳು ದೂರದ ಬಯಲಿನಲ್ಲಿದ್ದವು. ಖಾಜಿ ಸಾಬರು ಗೌಹರಳ ಒಪ್ಪಿಗೆ ತರಿಸಿಕೊಂಡು, ಮದುಮಗನ ಎದುರು ಕೂತು ಖುತ್ಬಾ ಓದಿ ಮುಗಿಸಿದರು. ಅತ್ತರು ಪೂಸಿಕೊಂಡು ಓಡಾಡುತ್ತಿದ್ದ ಷರೀಫರಿಗೆ ಆಗ ಏನೋ ಕೊರತೆಯೆನ್ನಿಸಿತು. ಶುಭಕಾರ್ಯ ನಡೆಯುತ್ತಿದೆ, ಚಪ್ಪರದಲ್ಲಿ ಲೋಬಾನದ ಪರಿಮಳವಿಲ್ಲ! ಬೆಂಕಿಕಡ್ಡಿ ಮುಟ್ಟಬಾರದೆಂಬ ಶರತ್ತು ಅವರಿಗೆ ಚೆನ್ನಾಗಿ ನೆನಪಿತ್ತು. ಹಾಗಾಗಿ ಹಂಡೆಯ ಕೆಳಗಿನ ಒಲೆಯಿಂದ ನಿಗಿನಿಗಿ ಕೆಂಡವನ್ನು ಮಣ್ಣಿನ ಧೂಪಾರತಿಗೆ ತುಂಬಿ, ಲೋಬಾನ ಉದುರಿಸಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು, ನಗುತ್ತ ಚಪ್ಪರದೊಳಗೆ ಬಂದರು.

ಖಾಜಿ ಸಾಬರು ಆಗಷ್ಟೇ "ಕಬೂಲ್ ಹೈ?" ಎಂದು ಕೇಳಿದ್ದರು.

ನಬೀ ಸಾಬರು ತಲೆಯೆತ್ತಿದರು. ಷರೀಫರನ್ನು ಕಂಡರು, ಅವರ ಕೈಯಲ್ಲಿದ್ದ ಕೆಂಡವನ್ನು ಕಂಡರು. "ಆಪಾ, ಏಳು!" ಎಂದು ಕೂಗಿ ಚಪ್ಪಲಿಯನ್ನೂ ಮೆಟ್ಟದೆ ಬಯಲಿಗೆ ಓಡಿದರು. ಸಾಬೀರಾ ಬೀ ಅವರನ್ನು ಹಿಂದೆ ಹಾಕಿದರು. ಮಧುಗಿರಿಯ ಬೀಗರೆಲ್ಲ ಎದ್ದರು, ಅವರನ್ನು ನೋಡಿ ಸಿರಾದವರೂ ಎದ್ದರು. ಊಟಕ್ಕೆ ಮುಂಚೆಯೇ ಬಂದು ಕೂತಿದ್ದ ಪೆದ್ದಣ್ಣ "ಪರಿಗೆತ್ತಂಡಿ! ಓಡ್ರಪ್ಪೋ!" ಎನ್ನುತ್ತ ಎಲ್ಲರಿಗಿಂತ ಮುಂದೆ ಓಡಿದ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಚಪ್ಪರದಲ್ಲಿ ಉಳಿದವರು ಖಾಜಿ ಸಾಬರು, ಧೂಪಾರತಿ ಹಿಡಿದು ಬೆರಗಾಗಿ ನಿಂತ ಷರೀಫರು, ಮತ್ತು ಮುಖದ ಮೇಲೆ ಹೂವಿನ ಸೇಹರಾ ಕಟ್ಟಿಕೊಂಡು ಅಲ್ಲಾಡದೆ ಕೂತ ಮುನೀರ್.

"ಕಬೂಲ್ ಹೈ" ಎಂದ ಮುನೀರ್, ಸ್ಪಷ್ಟವಾಗಿ, ಗಟ್ಟಿಯಾಗಿ.

ಖಾಜಿ ಸಾಬರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಅರೆ, ಸಾಕ್ಷಿಗಳೆಲ್ಲಿ? ಇದನ್ನ ಕೇಳಿದೋರು ಯಾರು?"

ಬಯಲಿನ ನಡುವಿನಿಂದ, ಗಾಳಿ ಚೆನ್ನಾಗಿ ಬೀಸುವ ಕಡೆಯಿಂದ, ಸಿರಾ ಮತ್ತು ಮಧುಗಿರಿ ಎರಡೂ ಒಂದೇ ದನಿಯಲ್ಲಿ ಕೂಗಿದವು.

"ಕೇಳಿಸ್ತು, ಖಾಜಿ ಸಾಬ್, ಕೇಳಿಸ್ತು! ನೀವು ಮುಂದಕ್ಕೆ ಓದಿ, ನಾವು ಇಲ್ಲೇ ನಿಂತಿರ್ತೀವಿ!"